ನಾನು ಅಳಿಸಿಸಿದ ಉಬ್ಬು

ಮೂವತ್ನಾಲ್ಕು ವರ್ಷ ನಾನು ಬೇರೆಯವರ ಬಾಯಿಗೆ ಹಲ್ಲು ಕಟ್ಟುವ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಕಣ್ಣಾರೆ ಕಂಡ ಬಾಯಿಗಳು ಹತ್ತು ಇರಲಿಕ್ಕಿಲ್ಲ. ನಮ್ಮ ಕೆಲಸವೇ ಹಾಗೆ. ಡಾಕ್ಟರರು ಕ್ಲಿನಿಕ್ಕಿನಲ್ಲಿ ರೋಗಿಯ ದವಡೆಯ ಅಚ್ಚು ತೆಗೆದು, ಒಂದು ಚೀಟಿ ಬರೆದು ಲ್ಯಾಬಿಗೆ ಕಳಿಸುತ್ತಾರೆ. ನಾವು ಆ ಅಚ್ಚಿಗೆ ಪುಡಿ ಕಲಸಿ ಎರೆದು ಕಲ್ಲಿನಂಥ ಮಾದರಿ ಮಾಡಿಕೊಂಡು, ಅದರ ಮೇಲೆ ಹಲ್ಲಿನ ಸೆಟ್ಟು ಕಟ್ಟಿ ವಾಪಸು ಕಳಿಸುತ್ತೇವೆ. ಚೀಟಿಯ ಮೇಲಿನ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಂಬ ಒಂದಕ್ಷರ, ರೋಗಿಯ ಬಗ್ಗೆ ನಮಗೆ ಗೊತ್ತಿರುವುದು ಇಷ್ಟೇ. ಉಳಿದದ್ದನ್ನು ಅಚ್ಚು ಹೇಳಬೇಕು. ಅಚ್ಚು ಸುಳ್ಳು ಹೇಳುತ್ತದೆ.

ಇದನ್ನು ನನಗೆ ಮೊದಲ ವಾರದಲ್ಲೇ ಕಲಿಸಿದವರು ಲ್ಯಾಬಿನ ಮಾಲೀಕ ಸಂಜೀವಣ್ಣ. ಕಂಕನಾಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಲ್ಯಾಬ್ ಇತ್ತು. ನನ್ನ ಇಬ್ಬರು ಅಕ್ಕಂದಿರು ನರ್ಸಿಂಗ್ ಕಲಿತು ಗಲ್ಫಿಗೆ ಹೋದರು. ನನಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಆಸ್ಪತ್ರೆಯ ಕೆಲಸವೂ ಆಗಬೇಕು, ರಕ್ತವೂ ಕಾಣಬಾರದು ಎಂದು ಹುಡುಕಿದಾಗ ಸಿಕ್ಕಿದ್ದು ಡೆಂಟಲ್ ಮೆಕ್ಯಾನಿಕ್ ಡಿಪ್ಲೊಮಾ. ಹಾಗೆ ಈ ಹಿಲ್ಡಾ ಸಂಜೀವಣ್ಣನ ಮಹಡಿ ಹತ್ತಿದಳು. ಅವರು ಹೊಸ ಅಚ್ಚನ್ನು ಕೈಗೆತ್ತಿಕೊಂಡರೆ ಕಳ್ಳನ ಜೇಬು ನೋಡುವ ಪೊಲೀಸಿನವರ ಹಾಗೆ ನೋಡುತ್ತಿದ್ದರು. ಎಲ್ಲಿ ಗಾಳಿಗುಳ್ಳೆ, ಎಲ್ಲಿ ಎಳೆದುಕೊಂಡಿದೆ, ಟ್ರೇಯಿಂದ ಎಲ್ಲಿ ಬಿಟ್ಟಿದೆ, ಎಷ್ಟು ಹೊತ್ತಿನ ಹಿಂದೆ ತೆಗೆದದ್ದು. ಅನುಮಾನ ಬಂದರೆ ಎರೆಯಬಾರದು, ಫೋನ್ ಮಾಡಿ ಕೇಳಬೇಕು ಎಂಬುದು ಅವರ ಪಾಠ.

ನಾನು ಒಮ್ಮೆ ಕೇಳಲಿಲ್ಲ. ಸೇರಿದ ಎರಡನೆಯ ವರ್ಷ. ಅಚ್ಚು ತಂದವನು ದಾರಿಯಲ್ಲಿ ಬೇರೆ ಎರಡು ಕಡೆ ಹೋಗಿ ಬಂದಿದ್ದ. ಮೇಲೆ ಸುತ್ತಿದ್ದ ಒದ್ದೆ ಬಟ್ಟೆ ಒಣಗಿತ್ತು. ಒಣಗಿದರೆ ಅಚ್ಚು ಕುಗ್ಗುತ್ತದೆ ಎಂದು ಗೊತ್ತಿದ್ದೂ, ಆ ಡಾಕ್ಟರರು ಸಿಡುಕಿನವರು ಎಂಬ ಹೆದರಿಕೆಗೆ ನಾನು ಎರೆದುಬಿಟ್ಟೆ. ಸೆಟ್ಟು ತಯಾರಾದ ಮೇಲೆ ಸಂಜೀವಣ್ಣ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಆ ಕ್ಲಿನಿಕ್ಕಿಗೆ ಹೋಗಿ, ಹಾಕುವುದನ್ನು ನಿಂತು ನೋಡು ಎಂದರು. ಐವತ್ತರ ಒಬ್ಬ ಹೆಂಗಸು. ಸೆಟ್ಟು ಒಳಗೆ ಹೋದ ಕೂಡಲೇ ಅವರ ಕಣ್ಣಲ್ಲಿ ನೀರು ಬಂತು. ಆದರೂ ಅವರು, ಹೊಸತಲ್ಲವಾ, ನನ್ನ ಬಾಯಿಯೇ ಸರಿ ಇಲ್ಲ, ಅಭ್ಯಾಸ ಆಗುತ್ತದೆ ಎಂದು ಡಾಕ್ಟರರನ್ನೇ ಸಮಾಧಾನ ಮಾಡುತ್ತಿದ್ದರು. ಆ ದಿನದಿಂದ ನಾನು ಯಾರನ್ನೂ ನಂಬುವುದನ್ನು ಬಿಟ್ಟೆ. ರೋಗಿಗಳು ನೋವನ್ನು ಮುಚ್ಚಿಡುತ್ತಾರೆ, ಡಾಕ್ಟರರು ಅವಸರವನ್ನು, ಅಚ್ಚು ತರುವವರು ತಡವಾದದ್ದನ್ನು. ಈ ಕೆಲಸಕ್ಕೆ ಈಗ ಬರುವ ಮಕ್ಕಳಿಗೆ ನಾನು ಹೇಳುವುದಿದ್ದರೆ ಮೊದಲು ಇದನ್ನೇ ಹೇಳುತ್ತಿದ್ದೆ. ಆದರೆ ನನ್ನ ಅನುಮಾನವೇ ಒಮ್ಮೆ ಎಂಥ ತಪ್ಪು ಮಾಡಿತು ಎಂಬುದನ್ನೂ ಹೇಳಬೇಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನನ್ನ ಕೈ ಪಳಗಿದ್ದು ಲೋಹದ ಪಾರ್ಶಿಯಲ್‌ಗಳಲ್ಲಿ. ಬಾಯಲ್ಲಿ ಕೆಲವು ಹಲ್ಲು ಉಳಿದು ಕೆಲವು ಹೋದವರಿಗೆ, ತೆಗೆದು ಹಾಕಲು ಬರುವಂತೆ ಮಾಡುವ ಅರೆ ಸೆಟ್ಟು ಅದು. ಒಳಗೆ ತೆಳ್ಳಗಿನ ಲೋಹದ ಚೌಕಟ್ಟು, ಉಳಿದ ಹಲ್ಲನ್ನು ಹಿಡಿದುಕೊಳ್ಳುವ ಕೊಕ್ಕೆಗಳು, ಹಲ್ಲಿನ ಮೇಲೆ ಕುಳಿತು ಭಾರ ಹೊರುವ ಚಿಕ್ಕ ಚಿಕ್ಕ ಆನಿಕೆಗಳು. ಮಾದರಿಯನ್ನು ಒಂದು ಓರೆಯಾಗುವ ಮೇಜಿನ ಮೇಲೆ ಕಟ್ಟಿ, ನೇರ ನಿಂತ ಕಡ್ಡಿಯಿಂದ ಒಂದೊಂದು ಹಲ್ಲಿನ ಸುತ್ತ ಸವರಿ, ಯಾವ ದಾರಿಯಿಂದ ಚೌಕಟ್ಟು ಇಳಿಯುತ್ತದೆ, ಕೊಕ್ಕೆ ಎಲ್ಲಿ ಕಚ್ಚಬೇಕು ಎಂದು ಗೆರೆ ಎಳೆಯುತ್ತಿದ್ದೆವು. ಆಮೇಲೆ ಮೇಣದಲ್ಲಿ ತಿದ್ದಿ, ಲೋಹ ಕರಗಿಸಿ ಎರೆದು, ಉಜ್ಜಿ ಹೊಳಪು ಕೊಡುವುದು. ಒಂದು ಚೌಕಟ್ಟಿಗೆ ನಾಲ್ಕೈದು ದಿನ. ಲೋಹದ ಧೂಳು ಮೂಗಿನಲ್ಲಿ, ಕೂದಲಲ್ಲಿ, ಮಧ್ಯಾಹ್ನದ ಬುತ್ತಿಯಲ್ಲೂ.

ಸಂಜೀವಣ್ಣ ಎಪ್ಪತ್ತರ ಹತ್ತಿರ ಬಂದಾಗ ಒಂದು ದಿನ ಸ್ಕ್ಯಾನರ್ ಮತ್ತು ಕಂಪ್ಯೂಟರ್ ತರಿಸಿದರು. ನನಗೆ ಹೇಳದೆ ತರಿಸಿದ್ದರಿಂದ ನನ್ನನ್ನು ಮನೆಗೆ ಕಳಿಸುವ ಏರ್ಪಾಡು ಎಂದು ಸಂಶಯಪಟ್ಟೆ. ಮುಂದಿನ ವಾರ ನಿಶ್ಮಿತಾ ಬಂದಾಗ ಸಂಶಯ ಗಟ್ಟಿಯಾಯಿತು. ವಾಮಂಜೂರಿನ ಹುಡುಗಿ, ಇಪ್ಪತ್ತಾರು ವರ್ಷ, ಬೇರೆ ಊರಿನಲ್ಲಿ ಡಿಸೈನ್ ತರಬೇತಿ ಮುಗಿಸಿದ್ದಳು. ಅವಳು ಮಾದರಿಯನ್ನು ಸ್ಕ್ಯಾನರಿನೊಳಗೆ ಇಡುತ್ತಿದ್ದಳು. ಕೆಲವು ಡಾಕ್ಟರರು ಅಚ್ಚೇ ತೆಗೆಯದೆ, ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ನೇರವಾಗಿ ಫೈಲನ್ನೇ ಕಳಿಸುತ್ತಿದ್ದರು. ದವಡೆ ಪರದೆಯ ಮೇಲೆ ತಿರುಗುತ್ತಿತ್ತು. ಕೊಕ್ಕೆ ಕಚ್ಚುವ ಜಾಗಗಳಿಗೆ ತಾನಾಗಿ ಬಣ್ಣ ಬರುತ್ತಿತ್ತು. ನಾನು ಎರಡು ಗಂಟೆ ಕಡ್ಡಿ ಸವರಿ ಹುಡುಕುತ್ತಿದ್ದದ್ದನ್ನು ಅವಳು ಚಹಾ ಕುಡಿಯುತ್ತ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು. ಡಿಸೈನ್ ಆದ ಫೈಲು ಬೇರೆ ನಗರದ ಒಂದು ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಲೋಹದ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಚೌಕಟ್ಟು ಮುದ್ರಿಸಿ, ಕೊರಿಯರಿನಲ್ಲಿ ಕಳಿಸುತ್ತಿದ್ದರು.

ನಾನು ನಿಶ್ಮಿತಾಳ ಹಿಂದೆ ಸ್ಟೂಲು ಹಾಕಿ ಕುಳಿತು ನೋಡುತ್ತಿದ್ದೆ.

ಮೊದಲ ಗೆಲುವು ಬೇಗ ಸಿಕ್ಕಿತು. ಒಬ್ಬರು ನಿವೃತ್ತ ಟೀಚರಿಗೆ ಮಾಡಿದ ಮೇಲ್ದವಡೆಯ ಚೌಕಟ್ಟು ಬಾಯಲ್ಲಿ ಕೂರಲಿಲ್ಲ, ಹಿಂದಿನ ಹಲ್ಲಿನ ಮೇಲೆ ಎತ್ತಿ ನಿಂತಿತು. ಆನಿಕೆ ಕೂರಲು ಹಲ್ಲಿನ ಮೇಲೆ ಬೇಕಾದ ತೋಡನ್ನು ಡಾಕ್ಟರರು ಸರಿಯಾಗಿ ಕೊರೆದಿಲ್ಲ ಎಂದಳು ನಿಶ್ಮಿತಾ. ಡಾಕ್ಟರರು ತಾವು ಕೊರೆದದ್ದು ಸರಿಯಾಗಿದೆ ಎಂದರು. ನಾನು ಅವಳಿಗೆ, ಡಾಕ್ಟರರು ಕಳಿಸಿದ ಮೂಲ ಸ್ಕ್ಯಾನನ್ನು ಯಾವ ತಿದ್ದುಪಡಿಯೂ ಇಲ್ಲದೆ ತೋರಿಸು ಎಂದೆ. ತೆರೆದಳು. ಆ ಹಲ್ಲಿನ ಹಿಂಬದಿಯಲ್ಲಿ ಒಂದು ಕಪ್ಪು ತೂತು. ಕ್ಯಾಮೆರಾ ಅಲ್ಲಿಗೆ ತಲುಪಿರಲಿಲ್ಲ. ಕಾಣದ ಜಾಗವನ್ನು ಸಾಫ್ಟ್‌ವೇರು ಅಕ್ಕಪಕ್ಕ ನೋಡಿ ತಾನೇ ಮುಚ್ಚಿ, ನುಣುಪು ಮಾಡಿಕೊಟ್ಟಿತ್ತು. ತೋಡಿನ ಅರ್ಧ ಅದರಲ್ಲಿ ಮುಚ್ಚಿಹೋಗಿತ್ತು.

ಕಾಣದ್ದನ್ನು ಕಂಡ ಹಾಗೆ ಹೇಳುವ ಯಂತ್ರ ಇದು ಎಂದು ನಾನು ಸಂಜೀವಣ್ಣನಿಗೆ ತೋರಿಸಿದೆ. ನಿಶ್ಮಿತಾಳ ಮುಖ ಕೆಂಪಾಯಿತು. ಅಂದು ನನಗಾದ ಸಂತೋಷ ಒಳ್ಳೆಯ ಸಂತೋಷವಲ್ಲ ಎಂದು ಈಗ ಗೊತ್ತಾಗುತ್ತದೆ. ಸಂಜೀವಣ್ಣ ಅಂದಿನಿಂದ, ಹಿಲ್ಡಾ ನೋಡಿ ಸಹಿ ಹಾಕದೆ ಒಂದು ಫೈಲೂ ಹೊರಗೆ ಹೋಗಬಾರದು ಎಂದು ನಿಯಮ ಮಾಡಿದರು. ಮೌಸ್ ಹಿಡಿಯಲು ಬಾರದ ನಾನು ಕಂಪ್ಯೂಟರಿನ ಮೇಲಧಿಕಾರಿಯಾದೆ.

ಇನ್ನೊಂದು ಸಂಗತಿ ನನ್ನ ಸಂಶಯಕ್ಕೆ ಮತ್ತಷ್ಟು ಬಲ ಕೊಟ್ಟಿತು. ಮುದ್ರಿತ ಚೌಕಟ್ಟುಗಳ ಜೊತೆ ಕಾರ್ಖಾನೆಯವರು ಲೋಹದ ಪ್ರಮಾಣಪತ್ರ ಕಳಿಸುತ್ತಿದ್ದರು, ಇದರಲ್ಲಿ ಇಂಥಿಂಥ ಲೋಹ ಇಷ್ಟಿಷ್ಟಿದೆ, ನಿಕ್ಕಲ್ ಇಲ್ಲ ಎಂದು. ನಿಕ್ಕಲ್ ಕೆಲವರ ಬಾಯಿಗೆ ಆಗುವುದಿಲ್ಲ. ಒಂದು ದಿನ ಫೈಲು ತಿರುವುತ್ತಿದ್ದಾಗ ಏಳೆಂಟು ತಿಂಗಳಿಂದ ಬಂದ ಪತ್ರಗಳೆಲ್ಲದರಲ್ಲಿ ತಾರೀಕು ಒಂದೇ, ಸಹಿಯ ಮೇಲಿನ ಮಸಿಯ ಚುಕ್ಕೆಯೂ ಒಂದೇ ಎಂದು ಕಂಡಿತು. ಒಂದೇ ಪತ್ರದ ನಕಲು. ಫೋನ್ ಮಾಡಿ ಕೇಳಿದಾಗ ಆ ಕಡೆಯ ಹುಡುಗ ಹಳೆಯ ಫೈಲು ತಪ್ಪಿ ಹೋಗಿರಬೇಕು ಎಂದ. ಮುಂದಿನ ವಾರದಿಂದ ಪ್ರತಿ ಸಲ ಬೇರೆ ತಾರೀಕಿನ ಪತ್ರ ಬಂತು. ಆ ಏಳೆಂಟು ತಿಂಗಳ ಲೋಹ ಎಂಥದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಿಗೂ ತುರಿಕೆ ಬಂದ ಸುದ್ದಿ ಇಲ್ಲ. ಬಂದಿದ್ದರೂ ನಮಗೆ ಹೇಳುವವರು ಯಾರು?

ಹೀಗೆ ಎರಡು ವರ್ಷದಲ್ಲಿ ನಾನು ಹಿಡಿದದ್ದೆಲ್ಲ ಸರಿಯಾಗಿಯೇ ಇತ್ತು. ದಾಮೋದರಣ್ಣನ ಫೈಲು ಬಂದದ್ದು ಆಗ.

ದಾಮೋದರಣ್ಣ ಯಾರು ಎಂದು ಆಗ ನನಗೆ ಗೊತ್ತಿರಲಿಲ್ಲ, ಹೆಸರು ಮಾತ್ರ ಪರಿಚಯ. ಆರು ವರ್ಷದ ಹಿಂದೆ ಅವರ ಕೆಳದವಡೆಗೆ ಒಂದು ಪಾರ್ಶಿಯಲ್ ನಾನೇ ಕೈಯಲ್ಲಿ ಮಾಡಿದ್ದೆ. ನನ್ನ ಅಭ್ಯಾಸದಂತೆ ಆ ಮಾದರಿಯನ್ನು ಎಸೆಯದೆ ಇಟ್ಟುಕೊಂಡಿದ್ದೆ. ಮುಂದಿನ ಹಲ್ಲುಗಳು ಉಳಿದಿದ್ದವು, ಎರಡೂ ಕಡೆಯ ದವಡೆ ಹಲ್ಲು ಹೋಗಿದ್ದವು. ಹಳೆಯದು ಸಡಿಲವಾಯಿತೆಂದು ಹೊಸದು ಬೇಕಿತ್ತು. ಈ ಸಲ ಡಾಕ್ಟರ್ ರಘುರಾಮರು ಬಾಯೊಳಗಿನ ಸ್ಕ್ಯಾನ್ ಕಳಿಸಿದರು. ನಿಶ್ಮಿತಾ ದವಡೆಯನ್ನು ತಿರುಗಿಸಿ ಎಡಭಾಗದಲ್ಲಿ ನಿಲ್ಲಿಸಿದಳು. ಹಲ್ಲಿಲ್ಲದ ವಸಡಿನ ದಿಣ್ಣೆಯ ಮೇಲೆ, ನಾಲಿಗೆಯ ಕಡೆಗೆ, ಹುಣಸೆ ಬೀಜದಷ್ಟು ದೊಡ್ಡ ಉಬ್ಬು.

ನಾನು ನೋಡಿದ ಕೂಡಲೇ ತೀರ್ಮಾನಿಸಿದೆ. ಕ್ಯಾಮೆರಾ ಆಡಿಸುವಾಗ ರೋಗಿ ನಾಲಿಗೆ ಹೊರಳಿಸಿದರೆ ಅದರ ತುಂಡು ವಸಡಿಗೆ ಅಂಟಿದ ಹಾಗೆ ಬರುವುದುಂಟು. ಹಾಗೆ ಹಲವು ಸಲ ಬಂದಿತ್ತು. ನಾಲಿಗೆ ಸಿಕ್ಕಿಕೊಂಡಿದೆ, ಕತ್ತರಿಸಿ ನುಣುಪು ಮಾಡು ಎಂದೆ. ನಿಶ್ಮಿತಾ ಒಪ್ಪಲಿಲ್ಲ. ನಾಲಿಗೆಯಾದರೆ ಅಂಚು ಹರಿದ ಹಾಗೆ ಇರುತ್ತದೆ, ಇದರ ಅಂಚು ಸರಿಯಾಗಿದೆ ಎಂದಳು. ನಾನು ಕಪಾಟಿನಿಂದ ಆರು ವರ್ಷದ ಹಿಂದಿನ ಮಾದರಿ ತಂದು ಅವಳ ಮುಂದೆ ಇಟ್ಟೆ.

"ಇದರಲ್ಲಿ ಇಲ್ಲ ನೋಡು. ನನ್ನ ಕಲ್ಲಿನಲ್ಲಿ ಇಲ್ಲದ್ದು ನಿನ್ನ ಯಂತ್ರದಲ್ಲಿ ಎಲ್ಲಿಂದ ಬಂತು?"

ಆ ಮಾದರಿಯನ್ನೂ ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಇಟ್ಟು ನೋಡೋಣ ಎಂದಳು. ಅದಕ್ಕೆಲ್ಲ ಸಮಯ ಇಲ್ಲ ಎಂದೆ. ಡಾಕ್ಟರರಿಗೆ ಒಂದು ಫೋನ್ ಮಾಡೋಣವಾ ಎಂದಳು. ಇಷ್ಟಕ್ಕೆಲ್ಲ ಫೋನ್ ಮಾಡಿದರೆ ಲ್ಯಾಬಿನವರಿಗೆ ಎಂತ ಗೊತ್ತುಂಟು ಎಂದು ಅವರು ಕೇಳುತ್ತಾರೆ ಎಂದೆ. ಅವಳು ಉಬ್ಬನ್ನು ಅಳಿಸಿ ವಸಡನ್ನು ನುಣುಪು ಮಾಡಿದಳು. ನಾನು ಸಹಿ ಹಾಕಿದೆ.

ಚೌಕಟ್ಟು ಬಂತು, ಹಲ್ಲು ಕೂರಿಸಿದೆವು, ಕಳಿಸಿದೆವು. ಹತ್ತು ದಿನದಲ್ಲಿ ವಾಪಸು ಬಂತು. ಎಡಗಡೆ ಒಳಬದಿಗೆ ಒತ್ತುತ್ತದೆ, ಸ್ವಲ್ಪ ತೇಯಿರಿ ಎಂದು ಚೀಟಿ. ತೇಯ್ದು ಕಳಿಸಿದೆ. ಮೂರು ವಾರದ ಮೇಲೆ ಮತ್ತೆ ಅದೇ ಚೀಟಿ, ಅದೇ ಜಾಗ. ನಾನು ಕಾರ್ಖಾನೆಯವರನ್ನು ಸಂಶಯಿಸಿದೆ, ಮುದ್ರಿಸಿದ ಮೇಲೆ ಕುಲುಮೆಯಲ್ಲಿ ಸರಿಯಾಗಿ ಕಾಯಿಸದೆ ಚೌಕಟ್ಟು ತಿರುಚಿಕೊಂಡಿರಬೇಕು ಎಂದು. ಆಮೇಲೆ ಡಾಕ್ಟರರನ್ನು, ಕಚ್ಚುವ ಅಳತೆ ತಪ್ಪಿ ತೆಗೆದಿರಬೇಕು ಎಂದು. ರೋಗಿಯನ್ನೂ ಬಿಡಲಿಲ್ಲ, ಕೆಲವರಿಗೆ ಎಷ್ಟು ಮಾಡಿದರೂ ಸಮಾಧಾನ ಇಲ್ಲ ಎಂದು. ಮತ್ತೆ ತೇಯ್ದೆ.

ಮೂರನೆಯ ಸಲ ಬಂದಾಗ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದೆ. ತೇಯಬೇಕಾದ ಜಾಗಕ್ಕೆ ಡಾಕ್ಟರರು ನೀಲಿ ಪೆನ್ಸಿಲಿನಿಂದ ಗುರುತು ಹಾಕಿದ್ದರು. ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಆ ನೀಲಿ ಗುರುತು ಹುಣಸೆ ಬೀಜದ ಆಕಾರದಲ್ಲಿತ್ತು.

ನಿಶ್ಮಿತಾಳ ಹತ್ತಿರ ಹೋಗಿ, ದಾಮೋದರ ಎನ್ನುವವರ ಹಳೆಯ ಸ್ಕ್ಯಾನ್ ಇದೆಯಾ, ತಿದ್ದುವ ಮೊದಲಿನದ್ದು ಎಂದು ಕೇಳಿದೆ. ನಮ್ಮ ಪದ್ಧತಿಯಲ್ಲಿ ಕೆಲಸ ಮುಗಿದ ಮೇಲೆ ತಿದ್ದಿದ ಫೈಲು ಮಾತ್ರ ಉಳಿಯುತ್ತಿತ್ತು. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಇಲ್ಲ ಎನ್ನಲಿ ಎಂದೇ ಮನಸ್ಸಿನಲ್ಲಿತ್ತು. ಅವಳು ತನ್ನ ಹೆಸರಿನ ಒಂದು ಫೋಲ್ಡರ್ ತೆರೆದಳು. ಅದರಲ್ಲಿ ದಾಮೋದರಣ್ಣನದ್ದಲ್ಲದೆ ಇನ್ನೂ ಹನ್ನೆರಡು ಹದಿಮೂರು ಹೆಸರುಗಳಿದ್ದವು. ನಾನು ಏನನ್ನಾದರೂ ತಿದ್ದಿಸಿದ್ದಕ್ಕೆಲ್ಲ ತಿದ್ದುವ ಮೊದಲಿನ ನಕಲು.

ಯಾಕೆ ಇಟ್ಟದ್ದು ಎಂದು ಕೇಳಿದೆ.

"ನಿಮ್ಮ ಮೇಲೆ ನಂಬಿಕೆ ಇರ್ಲಿಲ್ಲ ಮೇಡಂ," ಎಂದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಎರಡು ವರ್ಷ ನಾನು ಅವಳ ಹಿಂದೆ ಸ್ಟೂಲು ಹಾಕಿ ಕಾವಲು ಕುಳಿತಿದ್ದಾಗ ಅವಳು ನನ್ನ ಮೇಲೆ ಕಾವಲಿಟ್ಟಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಹಳೆಯ ಮಾದರಿಯನ್ನು ನಾನೇ ಸ್ಕ್ಯಾನರಿನೊಳಗೆ ಇಟ್ಟೆ. ಅವಳು ಎರಡನ್ನೂ ಒಂದರ ಮೇಲೊಂದು ಕೂರಿಸಿದಳು. ವ್ಯತ್ಯಾಸ ಇಲ್ಲದ ಕಡೆ ಹಸಿರು, ಸವೆದ ಕಡೆ ನೀಲಿ, ಬೆಳೆದ ಕಡೆ ಕೆಂಪು. ಹಲ್ಲಿಲ್ಲದ ದಿಣ್ಣೆ ವರ್ಷ ಹೋದ ಹಾಗೆ ಸವೆಯುತ್ತದೆ. ಅಲ್ಲೆಲ್ಲ ನೀಲಿ ಬಂತು. ಎಲ್ಲ ಸವೆದ ದವಡೆಯಲ್ಲಿ ಒಂದೇ ಒಂದು ಕಡೆ ಮಾಂಸ ಬೆಳೆದಿತ್ತು. ಕೆಂಪು.

ನನ್ನ ಕಲ್ಲಿನಲ್ಲಿ ಇಲ್ಲ ಎಂದಿದ್ದೆ. ಇರಲಿಲ್ಲ, ಸರಿಯೇ. ಆರು ವರ್ಷದ ಹಿಂದೆ ಅದು ಹುಟ್ಟಿರಲಿಲ್ಲ.

ಸಂಜೀವಣ್ಣನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಡಾಕ್ಟರರು ಬಾಯಿ ಕಂಡವರು, ನೋಡಬೇಕಾದವರು ಅವರು, ನಾವಲ್ಲ ಎಂದರು. ಫೋನ್ ಮಾಡಿ ಆ ಜಾಗವನ್ನು ಒಮ್ಮೆ ನೋಡಿ ಎಂದು ಮಾತ್ರ ಹೇಳು, ಅಳಿಸಿದ ಮಾತು ಎತ್ತಬೇಡ ಎಂದರು. ಒಂದು ಕಾಲದಲ್ಲಿ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದ ಮನುಷ್ಯ ಅವರೇ. ಲ್ಯಾಬನ್ನು ಯಾರಿಗಾದರೂ ಒಪ್ಪಿಸಿ ವಿಶ್ರಾಂತಿ ಪಡೆಯುವ ಯೋಚನೆಯಲ್ಲಿದ್ದರು. ಹೆಸರು ಕೆಡುವುದು ಅವರಿಗೆ ಬೇಡವಾಗಿತ್ತು. ನಾನು ಅವರನ್ನು ದೂರುವ ಹಾಗಿಲ್ಲ, ಯಾಕೆಂದರೆ ಆ ಉಪಾಯ ನನಗೂ ಹಿತವಾಯಿತು. ಹಾಗೆಯೇ ಮಾಡಿದೆ. ಡಾಕ್ಟರ್ ರಘುರಾಮರು, ನೋಡಿದ್ದೇನೆ, ಸೆಟ್ಟು ತಾಗಿ ಆದ ಹುಣ್ಣು, ಸೆಟ್ಟು ಸರಿಯಾದರೆ ಮಾಯುತ್ತದೆ, ಎರಡು ವಾರ ಬಿಡಿ ಎಂದರು.

ಸೆಟ್ಟು ತಾಗಿ ಹುಣ್ಣಾದದ್ದು ಎಂದು ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹೊಸ ಸೆಟ್ಟು ಬರುವ ಮೊದಲೇ ಅಲ್ಲಿ ಉಬ್ಬು ಇತ್ತು ಎಂಬುದು ಅವರಿಗೆ ಗೊತ್ತಿಲ್ಲ ಎಂದುಕೊಂಡೆ. ಅದು ಗೊತ್ತಿದ್ದದ್ದು ಲ್ಯಾಬಿನ ಮೂವರಿಗೆ.

ಫೋನ್ ಇಟ್ಟೆ. ನಿಶ್ಮಿತಾ ನನ್ನನ್ನೇ ನೋಡುತ್ತಿದ್ದಳು, ಈ ಮುದುಕಿ ಈಗ ಏನು ಮಾಡುತ್ತಾಳೆ ಎಂದು. ಎರಡು ವಾರ ಬಿಡಿ ಎಂದರು ಎಂದೆ. ಅವಳು ಪೆನ್‌ಡ್ರೈವ್ ತೆಗೆದು ಕಂಪ್ಯೂಟರಿಗೆ ಚುಚ್ಚಿದಳು.

"ನೀವು ಬರ್ತೀರಾ, ನಾನು ಒಬ್ಬಳೇ ಹೋಗ್ಬೇಕಾ?"

ಇಬ್ಬರೂ ಆಟೋದಲ್ಲಿ ಹೋದೆವು. ಡಾಕ್ಟರರ ಹೊರಕೋಣೆಯಲ್ಲಿ ರೋಗಿಗಳಿದ್ದರು. ಮುಗಿಯುವವರೆಗೆ ಕಾದು ಒಳಗೆ ಹೋದೆವು. ನಿಶ್ಮಿತಾ ಮೂರು ಚಿತ್ರ ತೋರಿಸಿದಳು, ಮೊದಲು ಬಂದದ್ದು, ತಿದ್ದಿದ್ದು, ಮೊದಲಿನದನ್ನು ಹಳೆಯ ಮಾದರಿಯೊಂದಿಗೆ ಹೋಲಿಸಿದ್ದು. ತಿದ್ದಿಸಿದವಳು ನಾನು, ಇವಳು ಬೇಡ ಎಂದಿದ್ದಳು ಎಂದು ನಾನು ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು, ಸ್ಕ್ಯಾನ್ ಮಾಡುವ ದಿನ ನನಗೂ ಸ್ವಲ್ಪ ದಪ್ಪ ಕಂಡಿತ್ತು, ಹಳೆಯ ಸೆಟ್ಟು ಉಜ್ಜಿದ್ದೆಂದು ಚೀಟಿಯಲ್ಲಿ ಬರೆಯಲಿಲ್ಲ ಎಂದರು. ಆಮೇಲೆ ನಮ್ಮ ಎದುರೇ ದಾಮೋದರಣ್ಣನಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಬನ್ನಿ, ಸೆಟ್ಟಿನ ವಿಷಯ ಅಲ್ಲ ಎಂದರು.

ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬಿರಲಿಲ್ಲ. ವಸಡನ್ನೂ ಅದರ ಕೆಳಗಿನ ಎಲುಬಿನ ಮೇಲಂಚನ್ನೂ ತೆಗೆದರು, ದವಡೆ ಉಳಿಯಿತು. ನಾನು ಅಳಿಸಿಸಿದ ದಿನದಿಂದ ಡಾಕ್ಟರರ ಮೇಜಿಗೆ ಫೈಲು ಒಯ್ದ ದಿನದವರೆಗೆ ಹತ್ತು ವಾರ. ಆ ಹತ್ತು ವಾರ ಕಳೆಯದಿದ್ದರೆ ಎಲುಬು ಪೂರ್ತಿ ಉಳಿಯುತ್ತಿತ್ತಾ ಎಂದು ಡಾಕ್ಟರರಲ್ಲಿ ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಅವರು ನನಗೆ ಬೇಜಾರಾಗದಿರಲಿ ಎಂದು ಹೇಳಿದರೋ, ನಿಜವಾಗಿ ಹೇಳಲು ಬಾರದೋ, ಆ ಸಂಶಯ ನನ್ನನ್ನು ಬಿಟ್ಟು ಹೋಗಿಲ್ಲ.

ಆಪರೇಷನ್ ಆಗಿ ಒಂದೂವರೆ ತಿಂಗಳಾದ ಮೇಲೆ ನಾನು ಪಣಂಬೂರಿನ ಬಸ್ಸು ಹತ್ತಿದೆ. ಹೋಗಬೇಡ ಎಂದು ಸಂಜೀವಣ್ಣ ಹೇಳಿದರು, ನಮ್ಮ ಮನೆಯಲ್ಲೂ ಹೇಳಿದರು. ದಾಮೋದರಣ್ಣ ಮೊಗವೀರರು, ತಂದೆಯ ಕಾಲದವರೆಗೂ ಮೀನುಗಾರಿಕೆ. ಇವರು ಮಾತ್ರ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಮೂವತ್ತು ವರ್ಷ ಕ್ರೇನಿನ ಪೆಟ್ಟಿಗೆಯಲ್ಲಿ ನಿದ್ದೆ ಬಾರದಿರಲಿ ಎಂದು ಹೊಗೆಸೊಪ್ಪನ್ನು ಎಡದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಇದನ್ನು ಹೇಳಿದವರು ಅವರ ಹೆಂಡತಿ ಸುಮತಿಯಕ್ಕ, ಬಾಗಿಲು ತೆರೆದು ನನ್ನನ್ನು ಕೂರಿಸಿ, ನಾನು ಯಾರೆಂದು ತಿಳಿಯುವ ಮೊದಲೇ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ, ಸೆಟ್ಟು ಮಾಡಿದ ಬಾಯಮ್ಮ ನಾನು ಎಂದು ಹೇಳಿಕೊಂಡಾಗ ಅವರು ಚಹಾ ತರಲು ಒಳಗೆ ಹೋದರು.

ದಾಮೋದರಣ್ಣನ ಕೆನ್ನೆ ಒಂದು ಕಡೆ ಒಳಗೆ ಹೋಗಿತ್ತು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ನಾನು ಅಳಿಸಿಸಿದ ಕತೆಯನ್ನು ಮೊದಲಿನಿಂದ ಹೇಳಿದೆ. ಮುಗಿದ ಮೇಲೆ ಅವರು ಕೇಳಿದರು.

"ಅಳಿಸುವ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿದ್ರಾ ಬಾಯಮ್ಮ?"

"ಇಲ್ಲ."

"ಯಾಕೆ?"

"ನನಗೆ ಗೊತ್ತುಂಟು ಅಂತ ಇತ್ತು."

ಅವರು ತಲೆಯಾಡಿಸಿದರು. ಕ್ರೇನಿನವನಿಗೆ ಹಡಗಿನ ಹೊಟ್ಟೆಯೊಳಗೆ ಏನಿದೆ ಎಂದು ಕಾಣುವುದಿಲ್ಲವಂತೆ. ಹಡಗಿನ ಅಂಚಿನಲ್ಲಿ ನಿಂತು ಕೈ ತೋರಿಸುವವನೊಬ್ಬ ಇರುತ್ತಾನೆ, ಅವನ ಕೈ ನೋಡಿ ಭಾರ ಇಳಿಸುವುದು. "ಅವನಿಗೂ ಕಾಣದಿದ್ರೆ ನಿಲ್ಲಿಸ್ಬೇಕು. ಅಂದಾಜಿಗೆ ಕೈ ತೋರಿಸಿದವರನ್ನು ನಾವು ಮತ್ತೆ ಅಲ್ಲಿ ನಿಲ್ಲಿಸ್ತಿರ್ಲಿಲ್ಲ," ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅಲ್ಲಿಯ ರೀತಿ ಹೀಗೆ ಎಂದು ತಿಳಿಸುವ ಹಾಗೆ ಹೇಳಿದರು. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಸುಮತಿಯಕ್ಕ ಬಾಗಿಲ ಹತ್ತಿರ ಚಹಾ ಹಿಡಿದು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಲೋಟ ನನ್ನ ಮುಂದೆ ಇಟ್ಟರು. ಆ ಚಹಾ ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ಲ್ಯಾಬಿಗೆ ಬಂದು ಸಂಜೀವಣ್ಣನಲ್ಲಿ, ಫೈಲಿಗೆ ಸಹಿ ಹಾಕುವ ಕೆಲಸ ನನಗೆ ಬೇಡ, ನಿಶ್ಮಿತಾಳಿಗೆ ಕೊಡಿ ಎಂದೆ. ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ. ಮೂಲ ಸ್ಕ್ಯಾನ್ ಯಾವತ್ತೂ ಅಳಿಸಬಾರದು. ಮತ್ತೆ, ಯಾರು ಏನು ತಿದ್ದಿದರೂ, ಅವಳು ತಿದ್ದಿದರೂ, ಏನು, ಯಾಕೆ ಎಂದು ಬರೆದು ಡಾಕ್ಟರರಿಗೆ ಫೈಲಿನ ಜೊತೆಗೇ ಕಳಿಸಬೇಕು. ಕೆಲವು ಡಾಕ್ಟರರು ಇದೆಂಥ ಕಿರಿಕಿರಿ ಎಂದರು. ಇಬ್ಬರು ಬೇರೆ ಲ್ಯಾಬಿಗೆ ಹೋದರು. ನನಗೂ ನಿಶ್ಮಿತಾಳಿಗೂ ಆಮೇಲೆ ಸ್ನೇಹ ಬೆಳೆಯಿತು ಎಂದು ಬರೆದರೆ ಸುಳ್ಳಾದೀತು. ಅವಳು ನನ್ನ ಕೆಲಸವನ್ನು ಎರಡೆರಡು ಸಲ ನೋಡುತ್ತಿದ್ದಳು, ನಾನು ಅವಳದ್ದನ್ನು. ಇಬ್ಬರೂ ಈಗ ಮುಚ್ಚುಮರೆ ಇಲ್ಲದೆ ನೋಡುತ್ತಿದ್ದೆವು, ಅಷ್ಟೇ ಬದಲಾದದ್ದು.

ದಾಮೋದರಣ್ಣನ ಬಾಯಿ ಪೂರ್ತಿ ಮಾಯಲು ಎಂಟು ತಿಂಗಳು ಹಿಡಿಯಿತು. ಹೊಸ ಪಾರ್ಶಿಯಲ್ ಮಾಡುವ ಕಾಲ ಬಂದಾಗ ಅವರು ಬೇರೆ ಲ್ಯಾಬಿಗೆ ಕೊಡಿ ಎನ್ನಬಹುದಿತ್ತು, ಅನ್ನಲಿಲ್ಲ. ನಂಬಿಕೆಯಿಂದಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರು ಎರಡನೆಯ ಸಲ ಹುಷಾರಾಗಿರುತ್ತಾರೆ ಎಂದು ಅವರು ಹೇಳಿದ್ದಾಗಿ ಡಾಕ್ಟರರು ತಿಳಿಸಿದರು.

ಅದು ಕಷ್ಟದ ದವಡೆ. ಎಡಗಡೆ ದಿಣ್ಣೆಯೇ ಇಲ್ಲ, ಆಪರೇಷನ್ನಿನಲ್ಲಿ ಬೇರೆ ಕಡೆಯಿಂದ ತೆಗೆದು ಹಾಕಿದ ಚರ್ಮ ಮೃದು, ಭಾರ ತಡೆಯುವುದಿಲ್ಲ. ಕ್ಯಾಮೆರಾ ವಸಡನ್ನು ಮುಟ್ಟದೆ ನೋಡುತ್ತದೆ, ಅಗಿಯುವಾಗ ವಸಡು ಎಷ್ಟು ಅಮುಕಿಕೊಳ್ಳುತ್ತದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಚೌಕಟ್ಟನ್ನು ನಿಶ್ಮಿತಾ ಪರದೆಯ ಮೇಲೆ ಬಿಡಿಸಿ ಮುದ್ರಿಸಿ ತರಿಸಿದ ಮೇಲೆ, ಡಾಕ್ಟರರು ಅದನ್ನು ಬಾಯಲ್ಲಿ ಕೂರಿಸಿ ಒತ್ತಿ ಹಿಡಿದು ಎಡಬದಿಯ ಅಚ್ಚನ್ನು ಹಳೆಯ ಕ್ರಮದಲ್ಲೇ ತೆಗೆದರು. ಆ ಅಚ್ಚಿಗೆ ನಾನು ಎರೆದೆ. ಎರೆಯುವ ಮೊದಲು ಎರಡು ಸಲ ಫೋನ್ ಮಾಡಿದೆ. ಭಾರವೆಲ್ಲ ಉಳಿದ ಹಲ್ಲುಗಳ ಮೇಲೆ ಬೀಳುವ ಹಾಗೆ ಆನಿಕೆಗಳನ್ನು ಹೆಚ್ಚು ಮಾಡಿದೆವು. ಎಡಗಡೆ ಹಲ್ಲುಗಳನ್ನು ಮೇಲಿನ ಹಲ್ಲಿಗೆ ತಾಗಿಯೂ ತಾಗದ ಹಾಗೆ ಇಳಿಸಿದೆವು.

ಹಾಕುವ ದಿನ ಇಬ್ಬರೂ ಬರಬೇಕೆಂದು ದಾಮೋದರಣ್ಣ ಹೇಳಿ ಕಳಿಸಿದ್ದರು, ಕಂಪ್ಯೂಟರೂ ಬರಲಿ ಎಂದು. ನಿಶ್ಮಿತಾ ಲ್ಯಾಪ್‌ಟಾಪ್ ಹಿಡಿದುಕೊಂಡಿದ್ದಳು. ಅವರು ಕುರ್ಚಿಯಲ್ಲಿ ಒರಗಿರಲಿಲ್ಲ, ನೆಟ್ಟಗೆ ಕುಳಿತಿದ್ದರು. ಸುಮತಿಯಕ್ಕ ಪಕ್ಕದಲ್ಲಿ ನಿಂತಿದ್ದರು. ಡಾಕ್ಟರರು ಸೆಟ್ಟನ್ನು ಕೈಗೆತ್ತಿಕೊಂಡಾಗ ದಾಮೋದರಣ್ಣ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಈ ಸಲ ಎಂತ ಅಳಿಸಿದ್ದೀರಿ?"

ಏನೂ ಅಳಿಸಿಲ್ಲ ಎಂದೆ. ಅವರು ನನ್ನ ಉತ್ತರ ಕೇಳಿ ಸುಮ್ಮನಾಗಲಿಲ್ಲ. ನಿಶ್ಮಿತಾಳ ಕಡೆ ನೋಡಿದರು.

"ತೋರ್ಸಿ ಮಗಾ."

ಅವಳು ಲ್ಯಾಪ್‌ಟಾಪ್ ತೆರೆದು ಅವರ ತೊಡೆಯ ಮೇಲೆ ಇಟ್ಟಳು. ಮೊದಲು ಬಂದ ಸ್ಕ್ಯಾನ್ ಒಂದು ಕಡೆ, ನಾವು ಕೆಲಸ ಮಾಡಿದ್ದು ಇನ್ನೊಂದು ಕಡೆ. ದಾಮೋದರಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ತಮ್ಮದೇ ದವಡೆಯನ್ನು, ಎಡಗಡೆ ಕಡಿದು ಹೋದ ಜಾಗವನ್ನು, ಅವರು ಬಹುಶಃ ಮೊದಲ ಸಲ ನೋಡುತ್ತಿದ್ದರು. ಒಂದನ್ನು ನೋಡುವುದು, ಇನ್ನೊಂದನ್ನು ನೋಡುವುದು, ಮತ್ತೆ ಮೊದಲಿನದ್ದಕ್ಕೆ ಬರುವುದು. ತಿರುಗಿಸಿ ಎಂದಾಗ ನಿಶ್ಮಿತಾ ತಿರುಗಿಸಿದಳು. ಡಾಕ್ಟರರು ಸೆಟ್ಟು ಹಿಡಿದು ಕಾಯುತ್ತಿದ್ದರು. ಹೊರಗೆ ಮುಂದಿನ ರೋಗಿ ಬಂದು ಕುಳಿತ ಸದ್ದಾಯಿತು. ಯಾರೂ ಅವಸರ ಮಾಡಲಿಲ್ಲ.

ಬಹಳ ಹೊತ್ತಾದ ಮೇಲೆ ಅವರು ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟರು, ಕುರ್ಚಿಗೆ ಒರಗಿದರು.

"ಹ್ಞಾಂ, ಇನ್ನು ಹಾಕಿ," ಎಂದು ಬಾಯಿ ತೆರೆದರು.